ಹರಿದ ಸೀಟಿಗೆ ಹೊಸ ರೆಕ್ಸಿನ್

ಹೋದ ಮಳೆಗಾಲದಲ್ಲಿ ಯಾವನೋ ಪುಣ್ಯಾತ್ಮ ನನ್ನ ಸ್ಕೂಟರಿನ ಸೀಟನ್ನು ಬ್ಲೇಡಿನಲ್ಲಿ ಕುಯ್ದು ಹೋಗಿದ್ದ. ಗಾಡಿ ಕದ್ದಿರಲಿಲ್ಲ, ಪೆಟ್ರೋಲು ಹೀರಿರಲಿಲ್ಲ, ಕನ್ನಡಿ ಬಿಚ್ಚಿರಲಿಲ್ಲ. ಸುಮ್ಮನೆ ಬಾಳೆಲೆ ಸೀಳಿದ ಹಾಗೆ ಉದ್ದಕ್ಕೆ ಒಂದು ಗೆರೆ. ಗೆರೆಯ ಒಳಗಿಂದ ಹಳದಿ ಸ್ಪಂಜು ನನ್ನನ್ನು ನೋಡಿ ಹಲ್ಲು ಕಿರಿಯುತ್ತಿತ್ತು. ಮುಂದಿನ ಹತ್ತು ನಿಮಿಷ ನಾನು ಮನಸ್ಸಿನಲ್ಲೇ ಮಾಡಿದ ಕೊಲೆಗಳಿಗೆ ಲೆಕ್ಕವಿಲ್ಲ. ಎದುರು ಮನೆಯ ಹುಡುಗ, ಪೇಪರ್ ಹಾಕುವವನು, ಪಾರ್ಕಿಂಗ್ ಜಾಗಕ್ಕೆ ಜಗಳ ತೆಗೆದಿದ್ದ ಮಹಡಿ ಮನೆಯ ನಿವೃತ್ತ ಎಂಜಿನಿಯರು, ಯಾರನ್ನೂ ಬಿಡಲಿಲ್ಲ. ಹನ್ನೊಂದನೇ ನಿಮಿಷಕ್ಕೆ ಕಾಫಿ ಬಂತು. ಕುಡಿದು, ಗಾಡಿ ತಳ್ಳಿಕೊಂಡು ಸೀಟ್ ಕವರ್ ಹಾಕುವವನ ಹತ್ತಿರ ಹೋದೆ.

ಬ್ರಯಾನ್ ಗಾರ್‌ಫೀಲ್ಡ್ ಎಂಬ ಅಮೆರಿಕದ ಕಾದಂಬರಿಕಾರನಿಗೂ ಹೀಗೇ ಆಗಿತ್ತು. ಅವನ ಕಾರಿನ ಬಟ್ಟೆಯ ಚಾವಣಿಯನ್ನು ಯಾರೋ ಕುಯ್ದಿದ್ದರು. ಕೈಗೆ ಸಿಕ್ಕಿದ್ದರೆ ಕೊಂದೇಬಿಡುತ್ತಿದ್ದೆ ಅನ್ನುವಷ್ಟು ಸಿಟ್ಟು ಬಂತು, ಇಳಿಯಿತು. ಈ ಸಿಟ್ಟು ಇಳಿಯದೇ ಹೋದವನ ಗತಿಯೇನು ಎಂದು ಯೋಚಿಸಿ 1972ರಲ್ಲಿ ‘ಡೆತ್ ವಿಶ್’ ಬರೆದ. ಕಾದಂಬರಿಯ ನಾಯಕ ಪಾಲ್ ಬೆಂಜಮಿನ್ ಒಬ್ಬ ಲೆಕ್ಕಪರಿಶೋಧಕ. ಕೋವಿ ಹಿಡಿದ ಮೇಲೆ ಮನುಷ್ಯ ಹೇಗೆ ಕೊಳೆಯುತ್ತಾನೆ ಎಂಬುದು ಕಥೆ. 1974ರಲ್ಲಿ ಸಿನಿಮಾ ಮಾಡಿದ ಮೈಕೇಲ್ ವಿನ್ನರ್, ಲೆಕ್ಕಪರಿಶೋಧಕನನ್ನು ಪಾಲ್ ಕರ್ಸಿ ಎಂಬ ಆರ್ಕಿಟೆಕ್ಟ್ ಮಾಡಿ, ಚಾರ್ಲ್ಸ್ ಬ್ರಾನ್ಸನ್ನನ ಕಲ್ಲುಮುಖ ಅಂಟಿಸಿದ. ಜನ ಕುರ್ಚಿಯ ಮೇಲೆ ನಿಂತು ಚಪ್ಪಾಳೆ ಹೊಡೆದರು. ಗಾರ್‌ಫೀಲ್ಡ್ ತಲೆ ಮೇಲೆ ಕೈ ಹೊತ್ತುಕೊಂಡ. ನಾನು ಕಾಯಿಲೆಯ ಬಗ್ಗೆ ಬರೆದರೆ ಇವರು ಅದನ್ನೇ ಔಷಧಿ ಅಂತ ಹಂಚುತ್ತಿದ್ದಾರಲ್ಲ ಎಂದು ನೊಂದು, ಪ್ರಾಯಶ್ಚಿತ್ತಕ್ಕಾಗಿ 1975ರಲ್ಲಿ ‘ಡೆತ್ ಸೆಂಟೆನ್ಸ್’ ಎಂಬ ಇನ್ನೊಂದು ಕಾದಂಬರಿ ಬರೆದ. 2007ರಲ್ಲಿ ಅದನ್ನೂ ಫೈಟಿಂಗ್ ಸಿನಿಮಾ ಮಾಡಿದರು. ಲೇಖಕನ ಪ್ರಾಯಶ್ಚಿತ್ತಕ್ಕೂ ಟಿಕೆಟ್ ಹರಿಯುವ ಊರು ಹಾಲಿವುಡ್.

ಆದರೂ ಆ 1974ರ ಸಿನಿಮಾದಲ್ಲಿ ಒಂದು ಮುಳ್ಳು ಇತ್ತು. ಕರ್ಸಿಯ ಹೆಂಡತಿಯನ್ನು ಕೊಂದು, ಮಗಳ ಮನಸ್ಸನ್ನೇ ಹಾಳುಮಾಡಿದ ಮೂವರು ಪುಂಡರು ಕೊನೆಯವರೆಗೂ ಸಿಗುವುದಿಲ್ಲ. ಇವನು ಹುಡುಕುವುದೂ ಇಲ್ಲ. ರಾತ್ರಿ ಪಾರ್ಕಿನಲ್ಲಿ, ಸಬ್‌ವೇಯಲ್ಲಿ ಗಾಳ ಹಾಕಿಕೊಂಡು ಕೂತು, ಬಂದ ಬೇರೆ ಬೇರೆ ಸುಲಿಗೆಕೋರರನ್ನು ಸುಡುತ್ತಾನೆ. ಅದಕ್ಕೂ ಮೊದಲು ಅವನ ಆಯುಧ ಯಾವುದು ಗೊತ್ತೇ? ಕಾಲುಚೀಲದಲ್ಲಿ ತುಂಬಿಕೊಂಡ ಚಿಲ್ಲರೆ ಕಾಸು. ಒಬ್ಬನಿಗೆ ಅದರಲ್ಲಿ ಬಾರಿಸಿ, ಮನೆಗೆ ಬಂದು, ಮಕ್ಕಳು ಬುಗುರಿ ಹಗ್ಗ ಬೀಸುವ ಹಾಗೆ ಖುಷಿಯಿಂದ ಬೀಸುತ್ತಾನೆ. ಚೀಲ ಹರಿದು ಕಾಸೆಲ್ಲ ನೆಲದ ಪಾಲು. ಮೊದಲ ಸಲ ಗುಂಡು ಹೊಡೆದ ರಾತ್ರಿಯಂತೂ ಮನೆಗೆ ಓಡಿಬಂದು ವಾಂತಿ ಮಾಡಿಕೊಳ್ಳುತ್ತಾನೆ. ಆ ಇಡೀ ಸಿನಿಮಾದಲ್ಲಿ ಪ್ರಾಮಾಣಿಕವಾದದ್ದು ಅಂತ ಒಂದಿದ್ದರೆ ಆ ವಾಂತಿ. ಮುಂದೆ ನಾವು ಹೊಡೆದ ಪ್ರತಿ ಚಪ್ಪಾಳೆಯಲ್ಲೂ ಅದರ ವಾಸನೆ ಸ್ವಲ್ಪ ಇತ್ತು.

ನಲವತ್ತನಾಲ್ಕು ವರ್ಷದ ಮೇಲೆ, 2018ರಲ್ಲಿ, ಎಲೈ ರಾತ್ ಎಂಬ ನಿರ್ದೇಶಕ ಬ್ರೂಸ್ ವಿಲ್ಲಿಸ್‌ನನ್ನು ಹಾಕಿಕೊಂಡು ಇದರ ರೀಮೇಕ್ ತಂದ. ಹಳೆಯ ಸಿನಿಮಾದ ಮುಳ್ಳನ್ನು ಇವರೂ ಗಮನಿಸಿದ್ದಾರೆ. ಗಮನಿಸಿ, ಚಿಮಟ ತಗೊಂಡು ನಾಜೂಕಾಗಿ ಕಿತ್ತಿದ್ದಾರೆ. ಈಗ ಕರ್ಸಿ ಷಿಕಾಗೊದ ಸರ್ಜನ್. ಹೆಂಡತಿಯನ್ನು ಕೊಂದವರು ಇಲ್ಲಿ ಸಾಲಾಗಿ ಸಿಗುತ್ತಾರೆ, ರೇಷನ್ ಅಂಗಡಿಯ ಕ್ಯೂನಲ್ಲಿ ನಿಂತ ಹಾಗೆ ಒಬ್ಬೊಬ್ಬರಾಗಿ. ಒಬ್ಬನ ಕಾಲಿನ ನರ ಸೀಳಿ ಬ್ರೇಕ್ ಆಯಿಲ್ ಸುರಿದು, ಬಾಯಿ ಬಿಡಿಸಿ, ಆಮೇಲೆ ಜಾಕ್ ಇಳಿಸಿ ಕಾರನ್ನು ತಲೆಯ ಮೇಲೆ ಬೀಳಿಸುತ್ತಾರೆ ನಮ್ಮ ಡಾಕ್ಟರು. ಪಿಸ್ತೂಲು ಸಿಗುವುದು ಆಸ್ಪತ್ರೆಗೆ ಬಂದ ರೌಡಿಯ ಮೈಮೇಲಿಂದ, ಹೊಡೆಯುವ ವಿದ್ಯೆ ಸಿಗುವುದು ಯೂಟ್ಯೂಬಿನಿಂದ. ತೆರೆಯನ್ನು ಎರಡು ಭಾಗ ಮಾಡಿ, ಒಂದು ಕಡೆ ದೇಹದಿಂದ ಗುಂಡು ತೆಗೆಯುವ ಕೈ, ಇನ್ನೊಂದು ಕಡೆ ಪಿಸ್ತೂಲಿಗೆ ಗುಂಡು ತುಂಬುವ ಕೈ ತೋರಿಸಿದ್ದಾರೆ. ಅರ್ಥವಾಗದೇ ಹೋದೀತು ಎಂಬ ಭಯ. ಮೊದಲ ಗುಂಡಿನ ನಂತರ ವಾಂತಿಯ ಜಾಗದಲ್ಲಿ ಏನಿದೆ ಅಂತ ಕೇಳುತ್ತೀರಾ? ಪಿಸ್ತೂಲು ಹಿಡಿಯಲು ಬಾರದೆ ಕೈಗೆ ಆದ ಒಂದು ಸಣ್ಣ ಗಾಯ, ಮತ್ತು ಫೋನಿನಿಂದ ಫೋನಿಗೆ ಹಾರುವ ಒಂದು ವಿಡಿಯೊ. 1974ರವನಿಗೆ ಹೊಟ್ಟೆ ತೊಳಸಿತು. 2018ರವನು ವೈರಲ್ ಆದ.

ಇದರ ಬಿಡುಗಡೆಯ ಕಥೆಯೂ ಕೇಳುವಂಥದ್ದೇ. 2017ರ ನವೆಂಬರಿಗೆ ಬರಬೇಕಿತ್ತು. ಅಕ್ಟೋಬರ್ 1ರಂದು ಲಾಸ್ ವೇಗಸ್‌ನಲ್ಲಿ ಒಬ್ಬ ಹೋಟೆಲ್ ಕಿಟಕಿಯಿಂದ ಸಂಗೀತ ಕೇಳಲು ಬಂದ ಜನರ ಮೇಲೆ ಗುಂಡಿನ ಮಳೆಗರೆದ. ಛೇ, ಈಗ ಬೇಡ, ಸಂದರ್ಭ ಸರಿಯಿಲ್ಲ ಎಂದು 2018ರ ಮಾರ್ಚ್ 2ಕ್ಕೆ ಮುಂದೂಡಿದರು. ಫೆಬ್ರವರಿ 14ಕ್ಕೆ ಫ್ಲಾರಿಡಾದ ಪಾರ್ಕ್‌ಲ್ಯಾಂಡ್ ಶಾಲೆಯಲ್ಲಿ ಹದಿನೇಳು ಜನ ಸತ್ತರು. ಈ ಸಲ ಮುಂದೂಡಲಿಲ್ಲ. ಗುಂಡು ಹಾರದ ಮುಹೂರ್ತ ಬೇಕೆಂದರೆ ಅಮೆರಿಕದ ಪಂಚಾಂಗದಲ್ಲಿ ಎಲ್ಲಿ ಹುಡುಕುವುದು?

ನನಗೆ ತುಂಬ ಇಷ್ಟವಾದದ್ದು ಬೆರಳು. ಹಳೆಯ ಸಿನಿಮಾದಲ್ಲಿ ಪೊಲೀಸರ ಲೆಕ್ಕದಂತೆ ನ್ಯೂಯಾರ್ಕಿನ ಸುಲಿಗೆ ಅರ್ಧಕ್ಕೆ ಇಳಿದುಬಿಡುತ್ತದೆ. ಇವನನ್ನು ಹಿಡಿದರೆ ಹುತಾತ್ಮನಾಗುತ್ತಾನೆ, ಬಿಟ್ಟರೆ ಊರಿನವರೆಲ್ಲ ಪಿಸ್ತೂಲು ತಗೊಳ್ಳುತ್ತಾರೆ ಎಂದು ಅಧಿಕಾರಿಗಳು ತಲೆ ಕೆರೆದುಕೊಂಡು, ನಮ್ಮ ಸರ್ಕಾರಗಳಿಗೂ ಚೆನ್ನಾಗಿ ಗೊತ್ತಿರುವ ಉಪಾಯ ಮಾಡುತ್ತಾರೆ: ಎತ್ತಂಗಡಿ. ಕರ್ಸಿ ಷಿಕಾಗೊ ಸ್ಟೇಷನ್ನಿನಲ್ಲಿ ಇಳಿದು, ಹುಡುಗಿಯೊಬ್ಬಳನ್ನು ಕಾಡುತ್ತಿದ್ದ ಪೋಕರಿಗಳತ್ತ ಕೈಬೆರಳನ್ನು ಪಿಸ್ತೂಲಿನ ಹಾಗೆ ಗುರಿಯಿಟ್ಟು ನಗುತ್ತಾನೆ. ರೀಮೇಕಿನ ಕರ್ಸಿ ಷಿಕಾಗೊದಲ್ಲೇ ಶುರುಮಾಡಿ, ಕೊನೆಗೆ ಮಗಳನ್ನು ಕಾಲೇಜಿಗೆ ಸೇರಿಸಲು ನ್ಯೂಯಾರ್ಕಿಗೆ ಬಂದು, ಅಲ್ಲೊಬ್ಬ ಕಳ್ಳನತ್ತ ಅದೇ ಬೆರಳು ತೋರಿಸುತ್ತಾನೆ. ಪಾಪ, ಬಂದದ್ದು ತಡವಾಯಿತು. 1990ರಲ್ಲಿ ಆ ಊರಿನಲ್ಲಿ 2,245 ಕೊಲೆಗಳಾಗಿದ್ದವು. 2017ರ ಹೊತ್ತಿಗೆ ಅದು ಮುನ್ನೂರಕ್ಕಿಂತ ಕೆಳಗೆ ಇಳಿದಿತ್ತು. ಯಾಕೆ ಇಳಿಯಿತೆಂದು ಪಂಡಿತರು ಇನ್ನೂ ಕಚ್ಚಾಡುತ್ತಿದ್ದಾರೆ. ಆ ಪಟ್ಟಿಯಲ್ಲಿ ಕಾಲುಚೀಲದಲ್ಲಿ ಚಿಲ್ಲರೆ ತುಂಬಿಕೊಂಡ ಆರ್ಕಿಟೆಕ್ಟಿನ ಹೆಸರನ್ನು ಮಾತ್ರ ಯಾರೂ ಎತ್ತಿಲ್ಲ.

ಸಿನಿಮಾದ ಹೊರಗೆ ಕರ್ಸಿ ಒಮ್ಮೆ ಬಂದಿದ್ದ. 1984ರ ಡಿಸೆಂಬರ್ 22ರಂದು ನ್ಯೂಯಾರ್ಕ್ ಸಬ್‌ವೇಯಲ್ಲಿ ಐದು ಡಾಲರ್ ಕೇಳಿದ ನಾಲ್ವರು ಕಪ್ಪು ಹುಡುಗರ ಮೇಲೆ ಬರ್ನ್‌ಹಾರ್ಡ್ ಗೆಟ್ಸ್ ಎಂಬಾತ ಗುಂಡು ಹಾರಿಸಿದ. ಪತ್ರಿಕೆಗಳು ಕುಣಿದಾಡಿದವು. ಜ್ಯೂರಿ ಕೊಲೆ ಯತ್ನದಿಂದ ಬಿಡುಗಡೆ ಮಾಡಿ, ಪರವಾನಗಿಯಿಲ್ಲದ ಪಿಸ್ತೂಲಿಗೆ ಮಾತ್ರ ಶಿಕ್ಷೆ ಕೊಟ್ಟಿತು. ಆ ನಾಲ್ವರಲ್ಲಿ ಒಬ್ಬ ಮತ್ತೆ ಎದ್ದು ನಡೆಯಲೇ ಇಲ್ಲ. 1996ರಲ್ಲಿ ಸಿವಿಲ್ ಕೋರ್ಟಿನ ಜ್ಯೂರಿ ಅವನಿಗೆ 4.3 ಕೋಟಿ ಡಾಲರ್ ಪರಿಹಾರ ಕೊಡಬೇಕೆಂದಿತು. ಬ್ರಾನ್ಸನ್ ಮಾತ್ರ ಯಾರಿಗೂ ಪರಿಹಾರ ಕೊಡದೆ 1994ರವರೆಗೆ ಒಟ್ಟು ಐದು ‘ಡೆತ್ ವಿಶ್’ ಮುಗಿಸಿದ. ಮೂರನೆಯದರಲ್ಲಿ ಅವನ ಕೈಯಲ್ಲಿ ರಾಕೆಟ್ ಲಾಂಚರ್. ಮನೆಯೊಳಗೆ.

ಹಾಲಿವುಡ್ಡಿಗೆ ನಲವತ್ತನಾಲ್ಕು ವರ್ಷ ಬೇಕಾಯಿತು ಅಂತ ನಾವು ನಗಬಹುದು. ನಮ್ಮಲ್ಲಿ ಈ ಕೆಲಸ ಫ್ಯಾಕ್ಟರಿ ವೇಗದಲ್ಲಿ ನಡೆದಿದೆ. 1981ರಲ್ಲಿ ತಮಿಳಿನಲ್ಲಿ ‘ಸಟ್ಟಂ ಒರು ಇರುಟ್ಟರೈ’ ಬಂತು, ಅಂದರೆ ಕಾನೂನು ಒಂದು ಕತ್ತಲ ಕೋಣೆ. ಅದೇ ವರ್ಷ ತೆಲುಗಿನಲ್ಲಿ ಚಿರಂಜೀವಿಯ ‘ಚಟ್ಟಾನಿಕಿ ಕಳ್ಳು ಲೇವು’, ಕಾನೂನಿಗೆ ಕಣ್ಣಿಲ್ಲ. 1983ರಲ್ಲಿ ಹಿಂದಿಯ ‘ಅಂಧಾ ಕಾನೂನ್’, ಕುರುಡು ಕಾನೂನು. ನಡುವೆ 1982ರಲ್ಲಿ ಶಂಕರ್‌ನಾಗ್ ಕನ್ನಡದಲ್ಲಿ ನಟಿಸಿದ್ದು ‘ನ್ಯಾಯ ಎಲ್ಲಿದೆ’. ಮೂರು ಭಾಷೆಯವರು ತೀರ್ಪು ಕೊಟ್ಟೇಬಿಟ್ಟರು, ಕನ್ನಡಿಗರು ಮಾತ್ರ ವಿಳಾಸ ವಿಚಾರಿಸಿದರು. ನಮ್ಮ ಸಂಕೋಚ ಹೋಗುವುದಿಲ್ಲ ನೋಡಿ.

ಕನ್ನಡದಿಂದ ಹೊರಗೆ ಹೋದದ್ದೂ ಉಂಟು. ಅಂಬರೀಷ್‌ರ ‘ಅಂತ’ ಬಂದ 1981ರಲ್ಲೇ ಹಿಂದಿಯಲ್ಲಿ ಜಿತೇಂದ್ರ ‘ಮೇರಿ ಆವಾಜ್ ಸುನೋ’ ಎಂದ. ಇಲ್ಲಿ ‘ಅಂತ’ಕ್ಕೂ ಅಂತವಿಲ್ಲದೆ 1995ರಲ್ಲಿ ‘ಆಪರೇಷನ್ ಅಂತ’ ಬಂತು. ‘ಚಕ್ರವ್ಯೂಹ’ 1984ರಲ್ಲಿ ಅಮಿತಾಭರ ‘ಇನ್ಕಿಲಾಬ್’ ಆಯಿತು. ಅದರ ಕೊನೆಯಲ್ಲಿ ಹೊಸ ಮುಖ್ಯಮಂತ್ರಿ ತನ್ನ ಸಂಪುಟವನ್ನು ಸಭೆಗೆ ಕೂರಿಸಿಕೊಂಡು ಒಟ್ಟಿಗೇ ಗುಂಡಿಟ್ಟು ಕೊಲ್ಲುತ್ತಾನೆ. ಗಾಂಧಿನಗರದಲ್ಲಿ ಕಥಾ ಡಿಸ್ಕಷನ್‌ಗೆ ಕೂರುವ ನನ್ನ ಗೆಳೆಯನೊಬ್ಬನಿಗೆ ಇದನ್ನು ಮತ್ತೆ ಮಾಡುವ ಆಸೆ.

“ಕ್ಲೈಮ್ಯಾಕ್ಸ್ ಹಾಗೇ ಇಡ್ತೀವಿ ಗುರು, ಥಿಯೇಟರ್ ಕಿತ್ತು ಹೋಗುತ್ತೆ” ಅಂದ.

“ಆಗಲ್ಲ ಕಣಯ್ಯ” ಅಂದೆ.

“ಯಾಕೆ? ಸೆನ್ಸಾರಾ?”

“ಕೋರಂ. ಅರ್ಧ ಸಂಪುಟ ರೆಸಾರ್ಟ್‌ನಲ್ಲಿರುತ್ತೆ. ನಿಮ್ ಹೀರೊ ಎರಡು ಬಸ್ ಮಾಡ್ಕೊಂಡು ಹೋಗ್ಬೇಕು.”

ಅವನು ನಗಲಿಲ್ಲ. ಬಸ್ಸಿನಲ್ಲಿ ಒಂದು ಫೈಟ್ ಇಡಬಹುದು ಎಂದು ಬರೆದುಕೊಂಡ.

‘ಜಂಜೀರ್’ ಗತಿ ನೋಡಿ. 1973ರಲ್ಲಿ ಸಲೀಂ–ಜಾವೇದ್ ಬರೆದ ಆ ಸಿಟ್ಟಿನ ಯುವಕ ಒಂದು ಕಾಲವನ್ನೇ ಹೊತ್ತು ನಿಂತ. ಮರುವರ್ಷವೇ ತಮಿಳಿನಲ್ಲಿ ಎಂಜಿಆರ್, ತೆಲುಗಿನಲ್ಲಿ ಎನ್‌ಟಿಆರ್ ಅದನ್ನೇ ಮಾಡಿದರು. 2013ರಲ್ಲಿ ರಾಮ್ ಚರಣ್ ಹಿಂದಿಯಲ್ಲಿ ಮತ್ತೆ ಮಾಡಿದ್ದು ಬಂದ ದಾರಿಗೆ ಸುಂಕವಿಲ್ಲ ಎನ್ನುವ ಹಾಗೆ ಹೋಯಿತು. ಅದು ದೊಡ್ಡ ಮಾತಲ್ಲ. ದೊಡ್ಡ ಮಾತು ಏನೆಂದರೆ, ಕೋರ್ಟು ಕಚೇರಿ ನೆಚ್ಚಿಕೊಂಡರೆ ನ್ಯಾಯ ಸಿಗದು ಎಂದು ದೇಶಕ್ಕೆಲ್ಲ ಹೇಳಿಕೊಟ್ಟ ಕಥೆಗಾರರು, ರೀಮೇಕಿನಲ್ಲಿ ತಮ್ಮ ಹಕ್ಕಿನ ಹಣಕ್ಕಾಗಿ ಹೋದದ್ದು ಕೋರ್ಟಿಗೇ. ತಮ್ಮದೇ ಕಥೆಯ ಶೇರ್ ಖಾನನನ್ನು ಕಳಿಸಲಿಲ್ಲ.

ಇಷ್ಟೆಲ್ಲ ಆದಮೇಲೂ ರೀಮೇಕ್ ಮಾಡಲೇಬೇಕೆಂಬ ಹಟವಿದ್ದರೆ ನನ್ನದೊಂದು ಸಲಹೆ ಇದೆ, ಹಕ್ಕಿನ ಹಣ ಬೇಡ. ಅಮೆರಿಕದ ಟೆನಸ್ಸಿಯಲ್ಲಿ ಬುಫರ್ಡ್ ಪುಸ್ಸರ್ ಎಂಬ ಶೆರಿಫ್ ಇದ್ದ. ದೊಣ್ಣೆ ಹಿಡಿದು ಊರಿನ ಕಳ್ಳಭಟ್ಟಿ, ಜೂಜುಕೋರರನ್ನು ಓಡಿಸಿದವನು. 1967ರಲ್ಲಿ ಅವನ ಹೆಂಡತಿ ಗುಂಡಿಗೆ ಬಲಿಯಾದಳು. ಶತ್ರುಗಳು ಹೊಂಚುಹಾಕಿ ಹೊಡೆದರು ಎಂದ. ದೇಶ ಕಣ್ಣೀರಿಟ್ಟಿತು. 1973ರಲ್ಲಿ ‘ವಾಕಿಂಗ್ ಟಾಲ್’ ಬಂತು, 2004ರಲ್ಲಿ ರಾಕ್ ಎಂಬ ಕುಸ್ತಿಪಟು ಅದೇ ದೊಣ್ಣೆ ಹಿಡಿದು ರೀಮೇಕ್ ಮಾಡಿದ. 2025ರ ಆಗಸ್ಟಿನಲ್ಲಿ ಟೆನಸ್ಸಿಯ ತನಿಖಾಧಿಕಾರಿಗಳು ಹಳೆಯ ಕಡತ ಬಿಚ್ಚಿ, ಗೋರಿ ತೆಗೆದು ಶವಪರೀಕ್ಷೆ ಮಾಡಿಸಿ, ಹೆಂಡತಿಯ ಕೊಲೆಯಲ್ಲಿ ಪುಸ್ಸರ್‌ನ ಮೇಲೇ ದೋಷಾರೋಪ ಹೊರಿಸುವಷ್ಟು ಸಾಕ್ಷ್ಯವಿದೆ ಎಂದು ಪ್ರಕಟಿಸಿದರು. ವಿಚಾರಣೆಗೆ ಆತನಿಲ್ಲ, 1974ರಲ್ಲೇ ಕಾರು ಅಪಘಾತದಲ್ಲಿ ಸತ್ತ. ದೊಣ್ಣೆ ನಾಯಕ ಹೇಳಿದ್ದನ್ನೇ ನಂಬಿ ತೆರೆಯ ಮೇಲೆ ತಂದವರು ಈ ಕಥೆಯನ್ನೂ ತರಲಿ. ಮೊದಲ ದಿನದ ಮೊದಲ ಆಟಕ್ಕೆ ನಾನು ಬರುತ್ತೇನೆ. ಶಿಳ್ಳೆ ಎಲ್ಲಿ ಹೊಡೆಯಬೇಕೆಂದು ಯಾರಾದರೂ ಹೇಳಿಕೊಟ್ಟರೆ ಹೊಡೆಯುತ್ತೇನೆ ಕೂಡ.

ಅವರು ತರುವುದಿಲ್ಲ, ಗೊತ್ತು. ಯಾರನ್ನು ಹೊಡೆಯಬೇಕೆಂಬುದರಲ್ಲಿ ಅನುಮಾನ ಇಟ್ಟುಕೊಂಡರೆ ಇಂಟರ್ವಲ್‌ಗೆ ಬಿಲ್ಡಪ್ ಏಳುವುದಿಲ್ಲ. ಜೊತೆಗೆ ಸಿನಿಮಾದವರಿಗೆ ಈಗ ಪೈಪೋಟಿಯೂ ಜಾಸ್ತಿಯಾಗಿದೆ. 2019ರ ಡಿಸೆಂಬರ್ 6ರ ಬೆಳಗ್ಗೆ ಹೈದರಾಬಾದಿನ ಹೊರವಲಯದಲ್ಲಿ, ಯುವ ಪಶುವೈದ್ಯೆಯ ಅತ್ಯಾಚಾರ ಮತ್ತು ಕೊಲೆಯ ನಾಲ್ವರು ಆರೋಪಿಗಳು ಪೊಲೀಸರ ಗುಂಡಿಗೆ ಸತ್ತರು. ಆ ಹೆಣ್ಣುಮಗಳಿಗೆ ಆದದ್ದನ್ನು ನೆನೆದರೆ ಇವತ್ತಿಗೂ ಕರುಳು ಹಿಂಡುತ್ತದೆ. ಜನ ಪೊಲೀಸರ ಮೇಲೆ ಹೂವಿನ ಎಸಳು ಸುರಿದರು, ಸಿಹಿ ಹಂಚಿದರು. ನಾನೂ ಆ ಬೆಳಗ್ಗೆ ಟೀವಿ ಮುಂದೆ, ಇಡ್ಲಿ ತಟ್ಟೆ ಕೈಯಲ್ಲಿ ಹಿಡಿದು, ‘ಸರಿಯಾಯ್ತು’ ಅಂದವನೇ. 2022ರಲ್ಲಿ ಸುಪ್ರೀಂ ಕೋರ್ಟ್ ನೇಮಿಸಿದ್ದ ಸಿರ್‌ಪುರ್‌ಕರ್ ಆಯೋಗದ ವರದಿ ಬಂತು: ಪೊಲೀಸರು ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಿದ್ದಾರೆ, ಸತ್ತ ನಾಲ್ವರಲ್ಲಿ ಮೂವರು ಅಪ್ರಾಪ್ತರು. ಅಪರಾಧ ಅವರದೇ ಹೌದೋ ಅಲ್ಲವೋ ಎಂದು ಯಾವ ನ್ಯಾಯಾಧೀಶರ ಮುಂದೆಯೂ ಇನ್ನು ತೀರ್ಮಾನವಾಗುವ ಹಾಗಿಲ್ಲ. ವರದಿ ಬಂದ ದಿನ ಯಾರೂ ಹೂ ತಂದಿರಲಿಲ್ಲ. ನಾನು ಆವತ್ತು ತಿಂಡಿಗೆ ಏನು ತಿಂದೆನೋ ನೆನಪಿಲ್ಲ.

ಸೀಟಿನ ವಿಷಯಕ್ಕೆ ಬರುತ್ತೇನೆ. ಸೀಟ್ ಕವರಿನವನು ಹರಿದ ಜಾಗಕ್ಕೆ ಬೆರಳು ಹಾಕಿ, ಸ್ಪಂಜು ಹಿಂಡಿ ನೋಡಿದ. ಒಂದು ಲೋಟ ನೀರು ಇಳಿಯಿತು.

“ಹೊಸ ರೆಕ್ಸಿನ್ ಹಾಕ್ಬಿಡ್ಲಾ ಸಾರ್? ಮೇಲೆ ನೋಡೋಕೆ ಫಸ್ಟ್ ಕ್ಲಾಸಾಗಿರುತ್ತೆ.”

“ಒಳಗಿನ ಸ್ಪಂಜು?”

“ಅದು ಹೋಗಿದೆ. ಹಾಗೇ ಇರ್ಲಿ ಅಂದ್ರೆ ಇರ್ಲಿ, ಯಾರಿಗೆ ಕಾಣ್ಸುತ್ತೆ. ಕೂತಾಗ ಸ್ವಲ್ಪ ಒದ್ದೆ ಆಗ್ಬೋದು ಅಷ್ಟೇ.”

ಮುನ್ನೂರೈವತ್ತಕ್ಕೆ ಒಪ್ಪಂದವಾಯಿತು. ಅವನು ಹಳೆಯ ಕವರಿನ ಪಿನ್ನುಗಳನ್ನು ಒಂದೊಂದಾಗಿ ಕೀಳುತ್ತ, ತಲೆ ಎತ್ತದೆ ಕೇಳಿದ.

“ಯಾರು ಕುಯ್ದಿದ್ದು ಗೊತ್ತಾಯ್ತಾ?”

“ಇಲ್ಲಪ್ಪ.”

“ಗೊತ್ತಾಗಲ್ಲ ಬಿಡಿ. ನಿಮ್ ರೋಡಿಂದಾನೇ ಈ ತಿಂಗ್ಳು ನಾಲ್ಕು ಗಾಡಿ ಬಂದ್ವು.”

ನಾಲ್ಕು ಗಾಡಿ. ಒಂದಕ್ಕೆ ಮುನ್ನೂರೈವತ್ತು. ಎದುರು ಮನೆಯ ಹುಡುಗ, ಪೇಪರಿನವನು, ಮಹಡಿ ಮನೆಯ ಎಂಜಿನಿಯರು, ಮೂವರನ್ನೂ ಬಿಟ್ಟು ನಾನು ಅವನ ಕೈಯನ್ನೇ ನೋಡತೊಡಗಿದೆ. ರೆಕ್ಸಿನ್ನಿಗೆ ಅಳತೆ ಗುರುತು ಹಾಕಿಕೊಂಡು, ಪಕ್ಕದ ಡಬ್ಬಿಯಿಂದ ಅವನು ಬ್ಲೇಡು ತೆಗೆದ.