ರಾಣಿ ಹಾಗೆ ನೋಡ್ಕೋತೀವಿ

ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ಮುಗಿಸಿ, ಕೈ ಒರೆಸಿಕೊಳ್ಳುತ್ತ ಹೇಳುವ ಮಾತೊಂದಿದೆ: ‘ನಿಮ್ಮ ಮಗಳನ್ನ ರಾಣಿ ಹಾಗೆ ನೋಡ್ಕೋತೀವಿ.’ ಯಾವ ರಾಣಿ ಎಂದು ಹೆಣ್ಣಿನ ತಂದೆ ಕೇಳುವುದಿಲ್ಲ. ಕೇಳಬೇಕು.

ಮರಿ ಆಂತ್ವಾನೆತ್ ಅಂತಲೇ ಇಟ್ಟುಕೊಳ್ಳಿ. ಆಸ್ಟ್ರಿಯಾದ ಮರಿಯಾ ತೆರೇಸಾಳ 15ನೆಯ ಮಗು. 1770ರಲ್ಲಿ, 14 ವರ್ಷಕ್ಕೆ, ಫ್ರಾನ್ಸಿನ ಮನೆತನಕ್ಕೆ ಕೊಟ್ಟರು. ಹೆಣ್ಣೊಪ್ಪಿಸಲೆಂದೇ ರೈನ್ ನದಿಯ ನಡುಗಡ್ಡೆಯಲ್ಲಿ ಮಂಟಪ ಕಟ್ಟಿಸಿದ್ದರು. ಗೋಡೆಗೆ ತೂಗುಹಾಕಿದ ಚಿತ್ರಪಟಗಳಲ್ಲಿ ಇದ್ದದ್ದು ಗ್ರೀಕರ ಜೇಸನ್–ಮೀಡಿಯಾ ಸಂಸಾರ: ಗಂಡ ಇನ್ನೊಬ್ಬಳನ್ನು ಕಟ್ಟಿಕೊಳ್ಳುತ್ತಾನೆ, ಹೆಂಡತಿ ಹೆತ್ತ ಮಕ್ಕಳನ್ನೇ ಕೊಲ್ಲುತ್ತಾಳೆ. ಸ್ಟ್ರಾಸ್‌ಬುರ್ಗಿನಲ್ಲಿ ಓದುತ್ತಿದ್ದ ತರುಣ ಗಯಟೆ ನೋಡಿ ಕಿಡಿಕಿಡಿಯಾದ. ಡೆಕೊರೇಷನ್ನಿನವರಿಗೆ ಏನೂ ಅನ್ನಿಸಿರಲಿಲ್ಲ.

ಆಮೇಲೆ ಶುರುವಾಯಿತು, ‘ಏನಮ್ಮ, ಏನಾದ್ರೂ ವಿಶೇಷ?’ ವಿಶೇಷವೆಲ್ಲಿಂದ ಬರಬೇಕು, 7 ವರ್ಷ ಪ್ರಸ್ತವೇ ನೆಟ್ಟಗಾಗಲಿಲ್ಲ. ವಿಯೆನ್ನಾದಿಂದ ತಾಯಿಯ ಕಾಗದದ ಮೇಲೆ ಕಾಗದ. ಅತ್ತ ವರದಿ ಒಪ್ಪಿಸಲು ರಾಯಭಾರಿ ಮೆರ್ಸಿ. ಯುದ್ಧ, ಸಂಧಿಗಳಿಗೆ ಪಾಪ ಆತನಿಗೆ ಬಿಡುವು ಯಾವಾಗ ಸಿಗುತ್ತಿತ್ತೋ. 1775ರಲ್ಲಿ ಓರಗಿತ್ತಿ ಗಂಡು ಹೆತ್ತಳು. ಅವತ್ತು ಮೀನು ಮಾರುವ ಹೆಂಗಸರು ರಾಣಿಯ ಕೋಣೆ ಬಾಗಿಲತನಕ ಬೆನ್ನು ಹತ್ತಿ, ‘ನಿಂದ್ಯಾವಾಗ?’ ಎಂದು ಕೂಗಿದರಂತೆ. ಸಖಿ ಕಾಂಪಾನ್ ಬರೆದಿಟ್ಟಿದ್ದಾಳೆ. ಕಡೆಗೆ 1777ರಲ್ಲಿ ಅಣ್ಣ, ಸಾಕ್ಷಾತ್ ಚಕ್ರವರ್ತಿ ಎರಡನೆಯ ಜೋಸೆಫ್, ಹೆಸರು ಮರೆಸಿಕೊಂಡು ಬಂದು ತಂಗಿಯ ಗಂಡನನ್ನು ಕೂರಿಸಿಕೊಂಡು ಪಾಠ ಹೇಳಬೇಕಾಯಿತು.

ಪಾಠ ಫಲಿಸಿದ್ದು 1778ರ ಡಿಸೆಂಬರ್ 19ರಂದು. ಮಗು ಅದಲುಬದಲಾಗದಂತೆ ರಾಣಿಯ ಹೆರಿಗೆಗೆ ಸಾಕ್ಷಿಗಳಿರಬೇಕೆಂಬುದು ಅಲ್ಲಿನ ಸಂಪ್ರದಾಯ. ‘ರಾಣಿ ಹೆರ್ತಿದ್ದಾರೆ’ ಎಂದು ವೈದ್ಯ ಕೂಗಿದ್ದೇ ತಡ, ತೇರು ಎಳೆಯುವ ಹೊತ್ತಿನ ಹಾಗೆ ಜನ ನುಗ್ಗಿದರು. ಹಾಸಿಗೆ ಸುತ್ತಲಿನ ಪರದೆಗಳನ್ನು ರಾಜ ಮೊದಲೇ ಹಗ್ಗದಿಂದ ಬಿಗಿಸಿದ್ದ. ಇಲ್ಲವಾದರೆ ಅವೂ ಅವಳ ಮೈಮೇಲೆ ಬೀಳುತ್ತಿದ್ದವು. ಇಬ್ಬರಿಗೆ ಸರಿಯಾಗಿ ಕಾಣಲಿಲ್ಲ, ಮೇಜು ಕುರ್ಚಿ ಸಿಕ್ಕಿದ್ದನ್ನು ಹತ್ತಿ ನಿಂತರು. ಚಳಿಗೆ ಕಾಗದ ಅಂಟಿಸಿ ಮುಚ್ಚಿದ ಕಿಟಕಿ, ಒಳಗೆ ಅಷ್ಟೊಂದು ಜನರ ಉಸಿರು. ರಾಣಿ ಮೂರ್ಛೆ ಹೋದಳು. ಅವಳ ಗಂಡ ಹದಿನಾರನೆಯ ಲೂಯಿಗೆ ಬೀಗ ಮಾಡುವ ಹುಚ್ಚಿತ್ತು. ಆ ಗಟ್ಟಿ ಕೈ ಅಂದು ಕಿಟಕಿ ಕಿತ್ತು ತೆರೆಯಲು ಬಳಕೆಯಾಯಿತು. ರಾಜ್ಯಕ್ಕೆ ಅಷ್ಟು ಉಪಯೋಗವಾದ ನೆನಪಿಲ್ಲ.

ಇಷ್ಟೆಲ್ಲ ಆದಮೇಲೆ ಹೆರಿಗೆ ಕೋಣೆಗೆ ಸಾರ್ವಜನಿಕರ ಪ್ರವೇಶ ನಿಲ್ಲಿಸಿದರು.

ಅಂದಹಾಗೆ, ಹುಟ್ಟಿದ್ದು ಹೆಣ್ಣು. ವಿಯೆನ್ನಾದ ಕಾಗದಗಳು ಮತ್ತೆ ಬರತೊಡಗಿದವು.