ಪೆನ್‌ಡ್ರೈವಿನಲ್ಲಿ ಬಂದ ಬೋರ್ಡು

ಹೊಸ ಕಂಪ್ಯೂಟರ್ ಕೊಂಡ ದಿನವೇ ಈ ಲೇಖಕ ಶಪಥ ಮಾಡಿದ: ಹಳೆಯ ಹಾರ್ಡ್‌ಡಿಸ್ಕಿನ ಸಾಫ್ಟ್‌ವೇರನ್ನೆಲ್ಲ ತಾನೇ ಸಾಗಿಸುವುದು, ರಿಪೇರಿ ಹುಡುಗನಿಗೆ 500 ರೂಪಾಯಿ ಕೊಡುವುದಿಲ್ಲ.

ಡೆಸ್ಕ್‌ಟಾಪಿನ ಮೇಲಿದ್ದ, ಕನ್ನಡ ಟೈಪಿಸುವ ನುಡಿ, ಬರಹ, ಪುಟ ಕಟ್ಟುವ ಪೇಜ್‌ಮೇಕರ್ ಐಕಾನುಗಳನ್ನು ಒಂದೊಂದಾಗಿ, ಕೋಳಿಮರಿ ಎತ್ತುವಷ್ಟು ಜೋಪಾನವಾಗಿ ಎಳೆದು ಪೆನ್‌ಡ್ರೈವಿಗೆ ಬಿಟ್ಟ. ಕಣ್ಣು ಮಿಟುಕಿಸುವಷ್ಟರಲ್ಲಿ ಕಾಪಿ ಆಯಿತು. ಪೇಜ್‌ಮೇಕರ್‌ನಂಥ ಪೇಜ್‌ಮೇಕರ್ ಬರೀ 2 ಕೆ.ಬಿ.! ಇಷ್ಟಕ್ಕೆ ಇಡೀ ಸಿ.ಡಿ. ಯಾಕೆ ಬೇಕಿತ್ತೋ ಎಂದು ಮರುಗಿದ. ಹೆಂಡತಿಯನ್ನು ಕರೆದು ತೋರಿಸಿದ. ಆಕೆ ಸೌಟು ಹಿಡಿದೇ ಬಂದು, ‘ಅಷ್ಟೇನಾ?’ ಎಂದು ಹೋದಳು. ಕಾಫಿ ಕುಡಿದ. ಪೆನ್‌ಡ್ರೈವ್ ಇಟ್ಟ ಜೇಬನ್ನು ಎರಡು ಸಲ ತಟ್ಟಿ ನೋಡಿಕೊಂಡ. ಹೊಸ ಕಂಪ್ಯೂಟರಿಗೆ ಸಿಕ್ಕಿಸಿ, ದೇವರನ್ನು ನೆನೆದು ಒತ್ತಿದ.

ಏನೂ ತೆರೆಯಲಿಲ್ಲ.

‘ಅಪ್ಪಾ, ಅದು ಶಾರ್ಟ್‌ಕಟ್ಟು. ಮನೆ ಸಾಗಿಸ್ತೀನಿ ಅಂತ ಬಾಗಿಲಿನ ಬೋರ್ಡ್ ಕಿತ್ಕೊಂಡು ಬಂದಿದ್ದೀಯ’ ಎಂದು ಮಗಳು ಫೋನಿನಲ್ಲಿ ನಕ್ಕಳು.

ಸರಿ, ಇಡೀ ಪ್ರೋಗ್ರಾಂ ಫೈಲ್ಸ್ ಫೋಲ್ಡರನ್ನೇ ಹೊತ್ತು ತಂದ. ಯಾವುದೋ ಡಿ.ಎಲ್.ಎಲ್. ಎಂಬ ಫೈಲು ಇಲ್ಲವೆಂದು ತಕರಾರು ಬಂತು. ಇನ್‌ಸ್ಟಾಲ್ ಆಗುವ ಸಾಫ್ಟ್‌ವೇರು ಒಂದೇ ಕಡೆ ಕೂರುವ ಆಸಾಮಿಯಲ್ಲ: ಕೆಲವು ಫೈಲು ವಿಂಡೋಸಿನ ಸಿಸ್ಟಮ್ ಫೋಲ್ಡರಿಗೆ, ಅಕ್ಷರಗಳು ಫಾಂಟ್ಸ್ ಫೋಲ್ಡರಿಗೆ, ಎಲ್ಲಿ ಏನಿದೆಯೆಂಬ ವಿವರ ರಿಜಿಸ್ಟ್ರಿಗೆ. ಮನೆಯೇನೋ ಬಂತು, ಖಾತೆ ಹಳೆಯ ಊರಿನಲ್ಲೇ ಉಳಿಯಿತು.

ನಗು ನಿಂತದ್ದು ಹಳೆಯ ಕಡತ ತೆರೆದಾಗ. ನುಡಿ ಫಾಂಟ್ ಇಲ್ಲದ ಆ ಪುಟದಲ್ಲಿ ‘ಕನ್ನಡ’ ಎಂಬ ಪದದ ಮೊದಲಿಗೆ ಇಂಗ್ಲಿಷಿನ ಪಿ, ನಡುವೆ ಬ್ರಿಟಿಷರ ಪೌಂಡ್ ಚಿಹ್ನೆ! ಒಂದೊಂದು ಲಿಪಿಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ಆದರೂ ಕನ್ನಡದ ಬರಹಗಾರರು ವರ್ಷಗಟ್ಟಲೆ ಇಂಗ್ಲಿಷ್ ಅಕ್ಷರಕ್ಕೆ ಕನ್ನಡದ ಮುಖವಾಡ ತೊಡಿಸಿಯೇ ಬರೆದರು. ತಂದೆ ತೀರಿಕೊಂಡಾಗ ಬರೆದ ಪುಟವೂ ಹಾಗೆಯೇ ಇತ್ತು. ಅದರಲ್ಲಿ ಅಪ್ಪನ ಹೆಸರು ಎಲ್ಲಿದೆಯೆಂದು ಬರೆದವನಿಗೇ ತಿಳಿಯಲಿಲ್ಲ. ಇವತ್ತಿಗೂ ‘ಯೂನಿಕೋಡ್ ಬೇಡ ಸಾರ್, ನುಡೀಲೇ ಕಳ್ಸಿ’ ಎನ್ನುವ ಪ್ರೆಸ್ಸಿನವರನ್ನು ಆಗ ಮನಸಾರೆ ಬೈದ.

ಕನ್ನಡ ಗಣಕ ಪರಿಷತ್ತಿನ ನುಡಿ ಉಚಿತ. ಹೊಸದಾಗಿ ಇಳಿಸಿಕೊಂಡು ಹಾಕಲು ಹತ್ತು ನಿಮಿಷ ಹಿಡಿಯಿತು. ಪೌಂಡು ‘ನ’ ಆಯಿತು, ಅಪ್ಪನ ಹೆಸರು ಸಿಕ್ಕಿತು.

ಪೇಜ್‌ಮೇಕರ್ ಕಥೆ ಬೇರೆ. 2001ರಲ್ಲಿ ಬಂದ 7.0 ಆವೃತ್ತಿಯೇ ಅದರ ಕೊನೆಯದು. ಮತ್ತೆ ಹಾಕಬೇಕಾದರೆ ಮೂಲ ಸಿ.ಡಿ. ಬೇಕು. ಅದು ಎರಡು ವರ್ಷದಿಂದ ಬಾಲ್ಕನಿಯಲ್ಲಿ ದಾರಕ್ಕೆ ನೇತುಬಿದ್ದು ಪಾರಿವಾಳ ಓಡಿಸುತ್ತಿದೆ.