ಜಗನ್ಮೋಹನ ಅರಮನೆ: ನೆಂಟರ ಸಮೇತ ಬಳಸುವ ವಿಧಾನ

ಈ ಕೈಪಿಡಿ ಮೈಸೂರಿನಲ್ಲಿ ಮನೆ ಮಾಡಿಕೊಂಡು, ಆ ಒಂದೇ ಕಾರಣಕ್ಕೆ ಬೇಸಿಗೆ ರಜೆಯಲ್ಲೂ ದಸರೆಯಲ್ಲೂ ನೆಂಟರನ್ನು ಪಡೆಯುವವರಿಗಾಗಿ. ಬಳಸುವ ಮುನ್ನ ಪೂರ್ತಿ ಓದಿ. ನೆಂಟರ ಕೈಗೆ ಸಿಗದಂತೆ ಇಡಿ.

ಮೊದಲು ಸಮಯದ ಹೊಂದಾಣಿಕೆ. ನೆಂಟರ ಪಟ್ಟಿಯಲ್ಲಿ ಚಾಮುಂಡಿ ಬೆಟ್ಟ, ಝೂ, ದೊಡ್ಡ ಅರಮನೆ, ಸಂಜೆಗೆ ಕೆಆರ್‌ಎಸ್ ಇದ್ದೇ ಇರುತ್ತವೆ. ಜಗನ್ಮೋಹನ ಅರಮನೆ ಬರುವುದು ‘ಟೈಮಿದ್ರೆ’ ಎಂಬ ಕಲಮಿನಡಿ. ಟೈಮು ಇರುವುದಿಲ್ಲ. ಆದ್ದರಿಂದ ತಿಂಡಿ ಆದ ಕೂಡಲೇ ಎಬ್ಬಿಸಿಕೊಂಡು ಹೊರಡಿ. ಝೂ ಸುತ್ತಿ ಬಂದವರು ಚಿತ್ರಶಾಲೆಯಲ್ಲಿ ಹುಡುಕುವುದು ಕುರ್ಚಿಯನ್ನು ಮಾತ್ರ. ಕಟ್ಟಡ ಹಳೆಯದು, ದುರಸ್ತಿಗೆಂದು ಯಾವುದಾದರೂ ಕೋಣೆ ಮುಚ್ಚಿದೆಯೇ ಎಂದು ಮೊದಲೇ ವಿಚಾರಿಸಿ.

ಬಾಗಿಲಲ್ಲಿ ಒಂದಿಷ್ಟು ಇತಿಹಾಸ ಹೇಳಬೇಕಾಗುತ್ತದೆ. ಅಳತೆ ಮೀರಬೇಡಿ. ಮುಮ್ಮಡಿ ಕೃಷ್ಣರಾಜ ಒಡೆಯರು 1861ರಲ್ಲಿ ಕಟ್ಟಿಸಿದ್ದು, 1897ರಲ್ಲಿ ಮರದ ಅರಮನೆ ಸುಟ್ಟ ಮೇಲೆ ದರ್ಬಾರು ಇಲ್ಲಿಗೆ ಬಂತು, 1902ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಧಿಕಾರ ವಹಿಸಿಕೊಂಡದ್ದೂ ಇಲ್ಲೇ, 1915ರಿಂದ ಚಿತ್ರಶಾಲೆ. ಇಷ್ಟರಲ್ಲಿ ಟಿಕೆಟ್ ಸಾಲು ಮುಗಿದಿರುತ್ತದೆ.

ಮಕ್ಕಳಿದ್ದರೆ ಅವರನ್ನು ಪುಟ್ಟ ಸೈನಿಕರ ಮೆರವಣಿಗೆಯ ಫ್ರೆಂಚ್ ಗಡಿಯಾರದ ಬಳಿ ಬಿಡಿ. ದೊಡ್ಡವರ ವಿಷಯದಲ್ಲಿ ಒಂದು ಎಚ್ಚರಿಕೆ: ಒಡೆಯರ ವಂಶಾವಳಿಯನ್ನು ತಾವರೆಯ ಎಸಳುಗಳಲ್ಲಿ ಬಿಡಿಸಿದ ‘ಸಂತಾನಾಂಬುಜ’ದ ಗೋಡೆಚಿತ್ರದ ಮುಂದೆ ದೊಡ್ಡಮ್ಮನನ್ನು ತುಂಬಾ ಹೊತ್ತು ನಿಲ್ಲಿಸಬಾರದು. ಯಾರಿಗೆ ಯಾರು ದತ್ತು ಎಂಬಲ್ಲಿ ಶುರುವಾದ ಮಾತು ನಿಮ್ಮ ತಾತನ ಜಮೀನಿನ ಪಾಲಿಗೆ ಬಂದು ನಿಲ್ಲುತ್ತದೆ.

ಇನ್ನು ಮುಖ್ಯ ಭಾಗ. ನೆಂಟರು ಬಂದಿರುವುದೇ ದೀಪ ಹಿಡಿದ ಹೆಂಗಸನ್ನು ನೋಡಲು. ‘ಗ್ಲೋ ಆಫ್ ಹೋಪ್’ ಎಂಬ ಹೆಸರು ಯಾರಿಗೂ ಬೇಕಿಲ್ಲ. ಕಂಡ ಕೂಡಲೇ ಒಬ್ಬರು “ಹಿಂದುಗಡೆ ಬಲ್ಬ್ ಇಟ್ಟಿದ್ದಾರೆ” ಎನ್ನುತ್ತಾರೆ. ಅಲ್ಲಗಳೆಯಬೇಡಿ. ಬಗ್ಗಿ, ಪಕ್ಕಕ್ಕೆ ಸರಿದು, ಚೌಕಟ್ಟಿನ ಸಂದಿಯಲ್ಲಿ ಇಣುಕಲಿ. ಬೇರೆ ಯಾವ ಚಿತ್ರವನ್ನೂ ಅವರು ಇಷ್ಟು ಗಮನವಿಟ್ಟು ನೋಡಿರುವುದಿಲ್ಲ.

ಮುಂದಿನ ಮಾತು ಭಾವನವರದು: “ರವಿವರ್ಮಂದು ಅಂದ್ರೆ ಸುಮ್ನೇನಾ!” ರವಿವರ್ಮ ತೀರಿಕೊಂಡದ್ದು 1906ರಲ್ಲಿ, ಈ ಚಿತ್ರ ಬರೆದದ್ದು 1940ರ ದಶಕದ ನಡುವಿನಲ್ಲಿ, ಸಾವಂತವಾಡಿ ಕಡೆಯ ಎಸ್.ಎಲ್. ಹಳದಣಕರ್. ದೀಪ ಹಿಡಿದು ನಿಂತವಳು ಅವರ ಮಗಳು. ಪಾಪ, ರವಿವರ್ಮನ ಸ್ವಂತ ಚಿತ್ರಗಳು ಇದೇ ಸಂಗ್ರಹದಲ್ಲಿವೆ. ಜನ ಅವುಗಳ ಮುಂದೆ ಬಿರಬಿರನೆ ದಾಟಿಬಂದು, ಅವನು ಬರೆಯದ ಚಿತ್ರಕ್ಕೆ ಅವನನ್ನು ಹೊಗಳುತ್ತಾರೆ. ಹಳದಣಕರ್ ಹೆಸರನ್ನು ಕನಿಷ್ಠ ಒಬ್ಬ ನೆಂಟರಿಂದಾದರೂ ಎರಡು ಸಲ ಹೇಳಿಸಿ. ಕೈಪಿಡಿಯ ಮಿಕ್ಕೆಲ್ಲ ಸೂಚನೆ ಬಿಟ್ಟರೂ ಇದನ್ನು ಬಿಡಬೇಡಿ.

ಬಲ್ಬಿನ ಶೋಧ ಮುಗಿದ ಮೇಲೆ ಇದು ಜಲವರ್ಣ ಎಂದು ತಿಳಿಸಿ. “ಓಹೋ” ಎಂದು ಸುಮ್ಮನಾಗುತ್ತಾರೆ, ಬಿಡಬೇಡಿ. ಎಣ್ಣೆ ಬಣ್ಣದಲ್ಲಿ ಕೆಟ್ಟರೆ ಒಣಗಿಸಿ ಮೇಲೊಂದು ಪದರ ಬಳಿಯಬಹುದು. ಜಲವರ್ಣದವರಿಗೆ ಆ ಸವಲತ್ತು ಕಡಿಮೆ. ಅಲ್ಲಿ ಬೆಳಕು ಎಂದರೆ ಬಹುಮಟ್ಟಿಗೆ ಕಾಗದದ ಬಿಳುಪೇ. ಎಲ್ಲಿ ಬಣ್ಣ ಹಚ್ಚಬಾರದು ಎಂಬುದನ್ನು ಕುಂಚ ಅದ್ದುವ ಮೊದಲೇ ತೀರ್ಮಾನಿಸಿ, ಸುತ್ತಲೂ ಕತ್ತಲನ್ನು ಪದರ ಪದರವಾಗಿ ಕಟ್ಟುತ್ತಾ ಬರಬೇಕು. ಕತ್ತಲು ಒಂದು ಕೂದಲೆಳೆ ಒಳಗೆ ಸರಿದರೆ ದೀಪ ಆರಿದಂತೆಯೇ. ಇದನ್ನು ಹೇಳಿ, ಗಾಳಿಗೆ ಅಡ್ಡ ಹಿಡಿದ ಅಂಗೈಯ ಬೆರಳುಗಳನ್ನೇ ನೋಡಲು ಹೇಳಿ. ಹತ್ತು ಹೆಜ್ಜೆ ಹಿಂದಿನಿಂದ ಒಮ್ಮೆ, ಹತ್ತಿರದಿಂದ ಒಮ್ಮೆ. ಕಾಲು ಗಂಟೆ ಇಲ್ಲೇ ಕಳೆದರೆ ಉಳಿದ ಕೋಣೆಗಳನ್ನು ಓಡುನಡಿಗೆಯಲ್ಲಿ ಮುಗಿಸಿದರೂ ಅಡ್ಡಿಯಿಲ್ಲ.

ದೋಷ ನಿವಾರಣೆ: ಇಷ್ಟೆಲ್ಲ ಆದಮೇಲೂ ಭಾವನವರು ಹೊರಗೆ ಬಂದು, “ಏನೇ ಹೇಳಿ, ರವಿವರ್ಮನ ಕೈಚಳಕವೇ ಬೇರೆ” ಎಂದರೆ, ಮೊದಲು ಕಾರು ಯಾರದು ಎಂದು ಪರಿಶೀಲಿಸಿ. ಅವರದೇ ಆಗಿದ್ದರೆ, ಕೆಆರ್‌ಎಸ್ ನೋಡಿ ಮನೆ ಸೇರುವವರೆಗೆ ಆ ಚಿತ್ರ ರವಿವರ್ಮನದೇ.